ಅಂಕ ಐದು, ಪ್ಲೇಟ್‌ಲೆಟ್ ಎಂಬತ್ತಾರು ಸಾವಿರ

ತ್ಯಾಗರಾಜನಗರದಲ್ಲಿರುವ ನನ್ನ ಅಕ್ಕ, ಭಾವನವರ ರಕ್ತಪರೀಕ್ಷೆಯ ವರದಿ, ಸ್ಕ್ಯಾನಿಂಗ್ ಚಿತ್ರ, ಔಷಧ ಚೀಟಿಗಳನ್ನೆಲ್ಲ ರೇಷ್ಮೆ ಸೀರೆಯ ಖಾಲಿ ಡಬ್ಬವೊಂದರಲ್ಲಿ ವರ್ಷವಾರು ಜೋಡಿಸಿ ಇಟ್ಟಿದ್ದಾಳೆ. 2023ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ನಾಲ್ಕನೆಯ ರಾತ್ರಿ ಭಾವನವರು ಯಕೃತ್ತಿನ (ಲಿವರ್) ಕಾಯಿಲೆಯಿಂದ ಅನ್ನನಾಳದಲ್ಲಿ ಊದಿದ್ದ ರಕ್ತನಾಳ ಒಡೆದು ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದ ಮೇಲೆ, ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ಕುಳಿತು ಆ ಡಬ್ಬವನ್ನು ಮೊದಲ ಸಲ ಪೂರ್ತಿಯಾಗಿ ಓದಿದೆ. ಪ್ಲೇಟ್‌ಲೆಟ್ ಎಣಿಕೆ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳ ಲೆಕ್ಕ) 2019ರಲ್ಲಿ 1,48,000 ಇತ್ತು; 2021ರಲ್ಲಿ 1,17,000; 2022ರ ಸೆಪ್ಟೆಂಬರಿನಲ್ಲಿ 86,000. ಮೂವತ್ತೊಂದು ವರ್ಷ ಪಿಯು ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸಿದವನು ನಾನು. ಮೂರು ಬಿಂದು ಸಿಕ್ಕರೆ ಗೆರೆ ಎಳೆದು ನೋಡಿ ಎಂದು ಮಕ್ಕಳಿಗೆ ಹೇಳುತ್ತಿದ್ದವನಿಗೆ ಈ ಮೂರು ಬಿಂದುಗಳ ನಡುವೆ ಗೆರೆ ಎಳೆಯಬೇಕೆಂದು ತೋಚಿರಲಿಲ್ಲ.

ತೋಚದಿರುವುದಕ್ಕೆ ಬೆಂಗಳೂರಿನದೇ ಆದ ಒಂದು ಕಾರಣವೂ ಇತ್ತು. ಈ ಊರಿನಲ್ಲಿ ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಕಡಿಮೆ ಎಂದರೆ ಯಾರ ಬಾಯಿಂದಲಾದರೂ ಹೊರಡುವ ಮೊದಲ ಮಾತು ಡೆಂಗಿ. ಆ ಸೆಪ್ಟೆಂಬರಿನಲ್ಲಿ ಭಾವನವರಿಗೆ ಎರಡು ದಿನ ಮೈ ಬಿಸಿಯಾಗಿದ್ದುದರಿಂದ ಡೆಂಗಿ ಪರೀಕ್ಷೆ ಮಾಡಿಸಿದರು. ಅದು ನೆಗೆಟಿವ್ ಬಂತು. ಆದರೂ 86,000 ಎಂಬ ಸಂಖ್ಯೆ ಕಣ್ಣೆದುರಿಗಿತ್ತಲ್ಲ, ಅಕ್ಕ ಪಕ್ಕದ ಮನೆಯ ಕಾಂಪೌಂಡಿನಿಂದ ಪಪ್ಪಾಯಿ ಎಲೆ ಕೊಯ್ದು ತಂದು, ಅರೆದು, ಬಟ್ಟೆಯಲ್ಲಿ ಹಿಂಡಿ, ಹತ್ತು ದಿನ ಬೆಳಗ್ಗೆ ಸಂಜೆ ಕುಡಿಸಿದಳು. ಭಾವನವರು ಕಹಿಗೆ ಮುಖ ಕಿವಿಚಿಕೊಂಡು ಕುಡಿದರು. ಜ್ವರ ತಾನಾಗಿ ಇಳಿಯಿತು, ಪ್ಲೇಟ್‌ಲೆಟ್ 89,000ಕ್ಕೆ ಏರಿತು, ಎಲ್ಲರಿಗೂ ಸಮಾಧಾನವಾಯಿತು. ಡೆಂಗಿಯಲ್ಲಿ ಪಾತಾಳಕ್ಕೆ ಇಳಿದ ಪ್ಲೇಟ್‌ಲೆಟ್ ಜ್ವರ ಬಿಟ್ಟ ಒಂದೆರಡು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳುತ್ತದೆ. ತಿಂಗಳು ಕಳೆದರೂ ತೊಂಬತ್ತು ಸಾವಿರದ ಕೆಳಗೇ ಕುಳಿತ ಎಣಿಕೆ ಬೇರೆಯದೇ ಕಥೆ ಹೇಳುತ್ತಿತ್ತು, ಮತ್ತು ಆ ಕಥೆಯ ಉಳಿದ ಭಾಗ ಅದೇ ಡಬ್ಬದಲ್ಲಿದ್ದ 2021ರ ಸ್ಕ್ಯಾನಿಂಗ್ ವರದಿಯಲ್ಲಿ ಎರಡು ಸಾಲಾಗಿ ಅಚ್ಚಾಗಿತ್ತು: ಯಕೃತ್ತಿನ ಮೇಲ್ಮೈ ಒರಟಾಗಿದೆ, ಗುಲ್ಮದ (ಸ್ಪ್ಲೀನ್) ಉದ್ದ 14.6 ಸೆಂಟಿಮೀಟರ್. ವಯಸ್ಕರಲ್ಲಿ ಗುಲ್ಮದ ಉದ್ದ ಸಾಮಾನ್ಯವಾಗಿ 12 ಸೆಂಟಿಮೀಟರಿನ ಒಳಗೇ ಇರುತ್ತದೆ.

ಆ ಸ್ಕ್ಯಾನಿಂಗ್ ಆದ ಮೇಲೆ ನಾವು ಸುಮ್ಮನೆ ಕುಳಿತಿರಲಿಲ್ಲ ಎಂಬುದನ್ನೂ ಹೇಳಬೇಕು. ಒಬ್ಬ ವೈದ್ಯರ ಬಳಿ ಹೋಗಿದ್ದೆವು. ಅವರ ಹೆಸರೂ ಆ ಕ್ಲಿನಿಕ್ಕಿನ ಹೆಸರೂ ಇಲ್ಲಿ ಬೇಡ. ಅವರು ತಾಳ್ಮೆಯಿಂದಲೇ ಕಾಗದಗಳನ್ನು ನೋಡಿ, ಇದು ಸಿರೋಸಿಸ್, ಅಂದರೆ ಯಕೃತ್ತು ನಾರುಗಟ್ಟಿ ಗಂಟುಗಂಟಾಗಿರುವ ಸ್ಥಿತಿ, ಆದರೆ ಅದರ ತೀವ್ರತೆ ಅಳೆಯುವ ಚೈಲ್ಡ್-ಪ್ಯೂ ಅಂಕ 5, ಎ ವರ್ಗ, ಹೆದರುವ ಅಗತ್ಯವಿಲ್ಲ ಎಂದರು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ, ತೂಕ ಇಳಿಸಿ, ವರ್ಷಕ್ಕೊಮ್ಮೆ ಬನ್ನಿ ಎಂದು ಕಳುಹಿಸಿದರು. ಅವರು ಹೇಳಿದ ಅಂಕ ತಪ್ಪಾಗಿರಲಿಲ್ಲ. ಇಂದಿಗೂ ಆ ದಿನದ ಸಂಖ್ಯೆಗಳನ್ನಿಟ್ಟುಕೊಂಡು ಲೆಕ್ಕ ಹಾಕಿದರೆ ಐದೇ ಬರುತ್ತದೆ. ತಪ್ಪಾದದ್ದು, ಆ ಐದು ಎಂಬ ಅಂಕ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಅವರು ಹೇಳದೆ ಇದ್ದುದರಲ್ಲಿ, ನಾವು ಕೇಳದೆ ಇದ್ದುದರಲ್ಲಿ.

ಅಂಕದ ಲೆಕ್ಕ ಸರಳವಾದದ್ದು. ಐದು ವಿಷಯಗಳಿಗೆ ಒಂದರಿಂದ ಮೂರರವರೆಗೆ ಅಂಕ ಕೊಡುತ್ತಾರೆ. ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ) 2ಕ್ಕಿಂತ ಕಡಿಮೆ ಇದ್ದರೆ ಒಂದು, 3ನ್ನು ದಾಟಿದರೆ ಮೂರು. ಯಕೃತ್ತು ತಯಾರಿಸುವ ಪ್ರೋಟೀನಾದ ಆಲ್ಬುಮಿನ್ 3.5ಕ್ಕಿಂತ ಮೇಲಿದ್ದರೆ ಒಂದು, 2.8ಕ್ಕಿಂತ ಕೆಳಗಿಳಿದರೆ ಮೂರು. ರಕ್ತ ಹೆಪ್ಪುಗಟ್ಟುವ ವೇಗವನ್ನು ಸೂಚಿಸುವ ಐಎನ್ಆರ್ 1.7ರ ಒಳಗಿದ್ದರೆ ಒಂದು. ಹೊಟ್ಟೆಯಲ್ಲಿ ನೀರು ತುಂಬಿಲ್ಲದಿದ್ದರೆ ಒಂದು. ಮಂಕು ಕವಿಯುವಿಕೆ ಇಲ್ಲದಿದ್ದರೆ ಒಂದು. ಒಟ್ಟು 5 ಅಥವಾ 6 ಆದರೆ ಎ ವರ್ಗ, 7ರಿಂದ 9 ಬಿ, 10ರಿಂದ 15 ಸಿ. ಭಾವನವರ ಬಿಲಿರುಬಿನ್ 1.4, ಆಲ್ಬುಮಿನ್ 3.6, ಐಎನ್ಆರ್ 1.3; ಹೊಟ್ಟೆಯಲ್ಲಿ ನೀರಿಲ್ಲ, ಬುದ್ಧಿ ಚುರುಕು. ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದ ಹುಡುಗನಂತೆ ಅವರು ಅಂದು ಕ್ಲಿನಿಕ್ಕಿನಿಂದ ಹೊರಬಂದು ಗಾಂಧಿ ಬಜಾರಿನಲ್ಲಿ ನಮ್ಮಿಬ್ಬರಿಗೂ ಕಾಫಿ ಕೊಡಿಸಿದ್ದರು. ಗಮನಿಸಿ ನೋಡಿದರೆ ಈ ಐದರ ಪಟ್ಟಿಯಲ್ಲಿ ಪ್ಲೇಟ್‌ಲೆಟ್ ಇಲ್ಲ, ಗುಲ್ಮ ಇಲ್ಲ, ಅನ್ನನಾಳವಂತೂ ಇಲ್ಲವೇ ಇಲ್ಲ.

ಈ ಅಂಕದ ಹುಟ್ಟನ್ನು ಆಮೇಲೆ ಹುಡುಕಿ ಓದಿದಾಗ ನನಗೆ ವಿಚಿತ್ರವೆನಿಸಿತು. 1964ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯರಾದ ಚೈಲ್ಡ್ ಮತ್ತು ಟರ್ಕಾಟ್ ಎಂಬವರು, ಕರುಳಿನ ಕಡೆಯಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದ ಒತ್ತಡ ಇಳಿಸುವ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಯಾವ ರೋಗಿ ತಾಳಿಕೊಂಡಾನು ಎಂದು ಅಂದಾಜು ಮಾಡಲು ಈ ವರ್ಗೀಕರಣವನ್ನು ಮಾಡಿಕೊಂಡರು. 1973ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಪ್ಯೂ ಮತ್ತು ಸಂಗಡಿಗರು ಅದನ್ನು ತಿದ್ದಿ, ರೋಗಿಯ ಪೋಷಣೆಯ ಸ್ಥಿತಿ ಎಂಬ ಅಂಶವನ್ನು ತೆಗೆದು ರಕ್ತ ಹೆಪ್ಪುಗಟ್ಟುವ ಕಾಲವನ್ನು ಸೇರಿಸಿದರು. ಅವರ ಆ ಲೇಖನದ ವಿಷಯವೇ, ಊದಿದ ನಾಳಗಳಿಂದ ರಕ್ತ ಸೋರುತ್ತಿದ್ದವರ ಅನ್ನನಾಳವನ್ನು ಕತ್ತರಿಸಿ ಮತ್ತೆ ಹೊಲಿಯುವ ಶಸ್ತ್ರಚಿಕಿತ್ಸೆ. ಈಗ ಯಕೃತ್ತಿನ ಕಸಿ ಶಸ್ತ್ರಚಿಕಿತ್ಸೆಯ ಸರದಿಗೆ ಬಳಸುವ ಮೆಲ್ಡ್ ಅಂಕವೂ ಹಾಗೆಯೇ. 2000ದ ಸುಮಾರಿಗೆ ಮೇಯೋ ಕ್ಲಿನಿಕ್ಕಿನಲ್ಲಿ ಅದನ್ನು ರೂಪಿಸಿದ್ದು, ಯಕೃತ್ತಿನೊಳಗೆ ಕೊಳವೆ ತೂರಿಸಿ ಒತ್ತಡ ಇಳಿಸಿಕೊಂಡ ರೋಗಿಗಳು ಎಷ್ಟು ದಿನ ಬದುಕಬಹುದೆಂದು ತಿಳಿಯಲು. ಎರಡೂ ಅಂಕಗಳು ಹುಟ್ಟಿದ್ದು ಊದಿದ ನಾಳಗಳ ನೆರಳಿನಲ್ಲಿ. ಆದರೆ ಎರಡೂ ಕೇಳುವ ಪ್ರಶ್ನೆ ಒಂದೇ: ಈ ಮನುಷ್ಯ ಇದನ್ನು ತಡೆದುಕೊಳ್ಳುತ್ತಾನೆಯೇ? ನಾಳ ಊದಿದೆಯೇ ಇಲ್ಲವೇ ಎಂಬುದನ್ನು ಅವು ಕೇಳುವುದೇ ಇಲ್ಲ, ಏಕೆಂದರೆ ಅವುಗಳನ್ನು ರೂಪಿಸಿದವರ ಮುಂದೆ ಮಲಗಿದ್ದ ಬಹುಪಾಲು ರೋಗಿಗಳಲ್ಲಿ ಒತ್ತಡದ ತೊಂದರೆ ಆಗಲೇ ತಲೆದೋರಿತ್ತು.

ಒತ್ತಡದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದು ನನಗೆ ಸ್ವಲ್ಪ ಪರಿಚಯವಿರುವ ಪ್ರದೇಶ. ಜಠರ, ಕರುಳು, ಗುಲ್ಮಗಳಿಂದ ಹೊರಟ ರಕ್ತವೆಲ್ಲ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ವೇನ್ ಎಂಬ ಒಂದೇ ದೊಡ್ಡ ನಾಳದಲ್ಲಿ ಸೇರಿ ಮೊದಲು ಯಕೃತ್ತಿನೊಳಕ್ಕೆ ಹೋಗಿ, ಅಲ್ಲಿ ಸೋಸಿಕೊಂಡು ಮುಂದೆ ಸಾಗುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯಿಂದಲೇ ಬರುತ್ತದೆ. ಆರೋಗ್ಯವಂತ ಯಕೃತ್ತು ನೆನೆಸಿದ ಸ್ಪಂಜಿನಂತೆ ಮೆತ್ತಗಿರುವುದರಿಂದ ಈ ಹರಿವಿಗೆ ಹೆಚ್ಚು ಒತ್ತಡ ಬೇಕಾಗುವುದಿಲ್ಲ. ಯಕೃತ್ತಿನ ಹಿಂದಕ್ಕೂ ಮುಂದಕ್ಕೂ ಇರುವ ಒತ್ತಡದ ವ್ಯತ್ಯಾಸ 5 ಮಿಲಿಮೀಟರ್ ಪಾದರಸವನ್ನು ಮೀರುವುದಿಲ್ಲ. ನಾರುಗಟ್ಟಿದ ಯಕೃತ್ತು ದಾರಿಯನ್ನು ಕಿರಿದು ಮಾಡುತ್ತದೆ. ಅದೇ 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯಲ್ಲಿ ಏನಾಯಿತೆಂಬುದನ್ನು ಬೆಂಗಳೂರಿನವರು ಮರೆತಿರಲಾರರು. ರಾಜಕಾಲುವೆ ಒತ್ತುವರಿಯಾಗಿ ಕಿರಿದಾಗಿದ್ದಾಗ ಮಳೆಯ ನೀರು ಕೆರೆ ಸೇರುವ ತನಕ ಕಾದು ನಿಲ್ಲಲಿಲ್ಲ. ಎಂದೂ ನೀರಿನ ದಾರಿಯಾಗಿರದ ಅಡ್ಡರಸ್ತೆಗಳಿಗೆ, ನೆಲಮಾಳಿಗೆಗಳಿಗೆ ನುಗ್ಗಿ, ಐಟಿ ಕಂಪನಿಯ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋಗುವಂತಾಯಿತು. ಪೋರ್ಟಲ್ ರಕ್ತವೂ ಹಾಗೆಯೇ ಅಡ್ಡದಾರಿ ಹುಡುಕುತ್ತದೆ. ಅಂಥ ಅಡ್ಡದಾರಿಗಳಲ್ಲಿ ಒಂದು ಅನ್ನನಾಳದ ಕೆಳತುದಿ. ಅಲ್ಲಿನ ನಾಳಗಳು ಒಳಪೊರೆಯ ಹತ್ತಿರದಲ್ಲೇ, ಹೆಚ್ಚಿನ ಆಸರೆಯಿಲ್ಲದೆ ಇರುವುದರಿಂದ ಊದಿ, ಸುತ್ತಿಕೊಂಡು, ಒಳಗಡೆಗೆ ಉಬ್ಬಿ ನಿಲ್ಲುತ್ತವೆ. ಇವನ್ನೇ ವೈದ್ಯರು ವೇರಿಸಸ್ ಎನ್ನುವುದು.

ನಾಳಗಳು ಊದಲು ಒತ್ತಡದ ವ್ಯತ್ಯಾಸ ಕನಿಷ್ಠ 10 ಮಿಲಿಮೀಟರ್ ತಲಪಬೇಕು. ಒಡೆಯಲು ಸಾಮಾನ್ಯವಾಗಿ 12 ದಾಟಬೇಕು. ಹಿಂದಿನಿಂದ ರಕ್ತ ಕಟ್ಟಿಕೊಂಡಂತೆಲ್ಲ ಗುಲ್ಮವೂ ಹಿಗ್ಗುತ್ತದೆ, ಹಿಗ್ಗಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ, ಪ್ಲೇಟ್‌ಲೆಟ್ ಉತ್ಪತ್ತಿಗೆ ಮಜ್ಜೆಯನ್ನು ಪ್ರಚೋದಿಸುವ ಹಾರ್ಮೋನನ್ನು ತಯಾರಿಸುವುದೂ ಬಹುಮಟ್ಟಿಗೆ ಯಕೃತ್ತೇ ಆದುದರಿಂದ ಆ ಕಡೆಯಿಂದಲೂ ಕೊರತೆ ಬೀಳುತ್ತದೆ. ಅಂದರೆ ಅಕ್ಕನ ಡಬ್ಬದಲ್ಲಿದ್ದ ಆ ಇಳಿಮುಖದ ಗೆರೆ ಒಂದು ಬಗೆಯ ಒತ್ತಡಮಾಪಕವೇ ಆಗಿತ್ತು. ಒತ್ತಡವನ್ನು ನೇರವಾಗಿ ಅಳೆಯಬೇಕಾದರೆ ಕತ್ತಿನ ನಾಳದ ಮೂಲಕ ಯಕೃತ್ತಿನ ನಾಳದವರೆಗೆ ತಂತಿಯಂಥ ಕೊಳವೆಯನ್ನು ಇಳಿಸಬೇಕು. ಎಲ್ಲರಿಗೂ ಅದನ್ನು ಮಾಡಲಾಗುವುದಿಲ್ಲ; ಮಾಡುವ ಅಗತ್ಯವೂ ಇಲ್ಲ. ರಕ್ತಪರೀಕ್ಷೆಯ ಚೀಟಿ ಎಲ್ಲರ ಕೈಯಲ್ಲೂ ಇರುತ್ತದೆ.

ಹಾಗಾದರೆ ಕಾಯಿಲೆಯ ತೀವ್ರತೆಗೂ ಈ ನಾಳಗಳಿಗೂ ಸಂಬಂಧವೇ ಇಲ್ಲವೇ ಎಂದರೆ, ಇದೆ, ಬಲವಾಗಿಯೇ ಇದೆ. ಎ ವರ್ಗದವರಲ್ಲಿ ನೂರಕ್ಕೆ ಸುಮಾರು 40 ಮಂದಿಯಲ್ಲಿ ಊದಿದ ನಾಳಗಳು ಕಂಡುಬಂದರೆ, ಸಿ ವರ್ಗದವರಲ್ಲಿ ಈ ಪ್ರಮಾಣ 85ರ ಹತ್ತಿರ ಬರುತ್ತದೆ. ಮೊದಲ ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆಯಲ್ಲಿ, ನಾಳಗಳು ಕಾಣದಿದ್ದವರಲ್ಲೂ ವರ್ಷಕ್ಕೆ ನೂರಕ್ಕೆ 7-8 ಮಂದಿಯಲ್ಲಿ ಅವು ಹೊಸದಾಗಿ ಮೂಡುತ್ತವೆ. ಇಟಲಿಯ ವೈದ್ಯರ ತಂಡವೊಂದು 1988ರಲ್ಲಿ ಪ್ರಕಟಿಸಿದ, ಇಂದಿಗೂ ಎಲ್ಲರೂ ಉಲ್ಲೇಖಿಸುವ ಅಧ್ಯಯನ, ಯಾವ ನಾಳ ಒಡೆಯಬಹುದೆಂದು ಮುನ್ಸೂಚಿಸುವ ಮೂರು ಅಂಶಗಳನ್ನು ಗುರುತಿಸಿತು: ನಾಳದ ಗಾತ್ರ, ಅದರ ಮೇಲಿನ ಕೆಂಪು ಗುರುತುಗಳು, ಮತ್ತು ಚೈಲ್ಡ್ ವರ್ಗ. ತೀವ್ರತೆಯ ಮಹತ್ವ ಎಲ್ಲಕ್ಕಿಂತ ಹೆಚ್ಚಾಗಿ ಗೊತ್ತಾಗುವುದು ರಕ್ತಸ್ರಾವವಾದ ಮೇಲೆ. ಒಟ್ಟಾರೆಯಾಗಿ ನೋಡಿದರೆ ಇಂಥ ರಕ್ತಸ್ರಾವವಾದ ಆರು ವಾರಗಳೊಳಗೆ ನೂರಕ್ಕೆ 15ರಿಂದ 20 ಮಂದಿ ಸಾಯುತ್ತಾರೆ. ಸಿ ವರ್ಗದವರಲ್ಲಿ ಅದು ಸುಮಾರು 30, ಎ ವರ್ಗದವರಲ್ಲಿ ಬಹಳ ಕಡಿಮೆ. ಭಾವನವರ ಅಂಕ 5 ಇದ್ದದ್ದು ನಮಗೆ ಕೊಟ್ಟ ವರ ಇದು. ಆದರೆ ನೂರರಲ್ಲಿ 40 ಎಂಬುದು ಸಣ್ಣ ಸಂಖ್ಯೆಯಲ್ಲ. ನಲವತ್ತು ಮಕ್ಕಳು ನಪಾಸಾದ ತರಗತಿಯನ್ನು ಯಾವ ಪ್ರಾಂಶುಪಾಲರೂ ಹೆದರುವ ಅಗತ್ಯವಿಲ್ಲ ಎಂದು ಬಿಟ್ಟುಬಿಡುವುದಿಲ್ಲ.

ಭಾವನವರ ವಿಷಯದಲ್ಲಿ ಇನ್ನೊಂದು ಸೂಚನೆಯೂ ತಪ್ಪಿಹೋಯಿತು. 2022ರ ನವೆಂಬರಿನಲ್ಲಿ ಹಿಮೋಗ್ಲೋಬಿನ್ 9.8ಕ್ಕೆ ಇಳಿದಿತ್ತು. ರಕ್ತಹೀನತೆಯೆಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಡಿಸೆಂಬರಿನಲ್ಲಿ ಮಲ ಕಪ್ಪಾಗಿ ಹೋಗುತ್ತಿದೆ ಎಂದು ಭಾವನವರು ಅಕ್ಕನ ಬಳಿ ಒಂದೆರಡು ಸಲ ಹೇಳಿದ್ದರಂತೆ. ಕಬ್ಬಿಣದ ಮಾತ್ರೆ ತಿಂದರೆ ಹಾಗೆಯೇ ಎಂದು ಔಷಧದ ಅಂಗಡಿಯವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಮಾತ್ರೆಯಿಂದಾಗುವ ಕಪ್ಪು ಹಸಿರು ಮಿಶ್ರಿತವಾಗಿ, ಗಟ್ಟಿಯಾಗಿ ಇರುತ್ತದೆ. ರಕ್ತ ಜೀರ್ಣವಾಗಿ ಬರುವ ಕಪ್ಪು ರಸ್ತೆಗೆ ಹಾಕುವ ಡಾಂಬರಿನಂತೆ ಹೊಳೆಯುತ್ತದೆ, ಅಂಟುತ್ತದೆ, ಅದರ ವಾಸನೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಈ ವ್ಯತ್ಯಾಸವನ್ನು ವಾರ್ಡಿನ ದಾದಿಯೊಬ್ಬರು ಅಕ್ಕನಿಗೆ ಆಮೇಲೆ ವಿವರಿಸಿದರು. ಮರ್ಯಾದಸ್ಥರ ಮನೆಗಳಲ್ಲಿ ಮಲದ ಬಣ್ಣದ ಬಗ್ಗೆ ಮಾತನಾಡುವುದು ಕಷ್ಟ. ಭಾವನವರು ನನಗೆ ಅದನ್ನು ಹೇಳಲೇ ಇಲ್ಲ.

ಆ ರಾತ್ರಿಯನ್ನು ಉದ್ದಕ್ಕೆ ಬರೆಯುವ ಮನಸ್ಸಿಲ್ಲ. ಎರಡು ಗಂಟೆಗೆ ಅಕ್ಕನ ಫೋನು ಬಂತು. ನಾನು ಬನಶಂಕರಿಯಿಂದ ಹೋಗುವಷ್ಟರಲ್ಲಿ ಬಚ್ಚಲುಮನೆಯ ಬಕೆಟ್ಟಿನಲ್ಲಿ ಇದ್ದದ್ದನ್ನು ನೋಡಿದೆ. 108 ಆಂಬ್ಯುಲೆನ್ಸ್ ಬಂತು. ಭಾವನವರು ಪೂರ್ತಿ ಎಚ್ಚರವಾಗಿದ್ದರು. ಹೊಟ್ಟೆಯಲ್ಲಾಗಲಿ ಎದೆಯಲ್ಲಾಗಲಿ ನೋವು ಇರಲಿಲ್ಲ ಎಂಬುದೇ ಎಲ್ಲಕ್ಕಿಂತ ಭಯ ಹುಟ್ಟಿಸುವ ಸಂಗತಿಯಾಗಿತ್ತು. ತುರ್ತು ವಿಭಾಗದಲ್ಲಿ ಎಂಡೋಸ್ಕೋಪಿಗೆ ಕಾಯದೆ ಮೊದಲು ಟರ್ಲಿಪ್ರೆಸ್ಸಿನ್ ಎಂಬ ಚುಚ್ಚುಮದ್ದನ್ನೂ ಒಂದು ಆ್ಯಂಟಿಬಯಾಟಿಕ್ ಔಷಧವನ್ನೂ ಶುರು ಮಾಡಿದರು. ಮೊದಲನೆಯದು ಕರುಳಿನ ಕಡೆಯ ರಕ್ತನಾಳಗಳನ್ನು ಸಂಕುಚಿಸಿ ಪೋರ್ಟಲ್ ಹರಿವನ್ನು ತಗ್ಗಿಸುತ್ತದೆ. ಎರಡನೆಯದು, ಇಂಥ ರೋಗಿಗಳನ್ನು ರಕ್ತಸ್ರಾವದ ಜೊತೆಜೊತೆಗೇ ಮುತ್ತುವ ಸೋಂಕನ್ನು ತಡೆದು ಜೀವ ಉಳಿಸುತ್ತದೆ.

ಅಲ್ಲಿ ನಾನು ಒಂದು ಜಗಳ ಆಡಿದೆ, ಮತ್ತು ಸೋತೆ. ಹಿಮೋಗ್ಲೋಬಿನ್ 6.4 ಇತ್ತು. ನನ್ನ ರಕ್ತದ ಗುಂಪೂ ಹೊಂದುತ್ತಿತ್ತು, ಅಕ್ಕನ ಮಗನ ಸ್ನೇಹಿತರು ನಾಲ್ವರು ರಕ್ತ ಕೊಡಲು ಸಿದ್ಧರಾಗಿ ನಿಂತಿದ್ದರು. ಎರಡು ಬಾಟಲಿ ರಕ್ತ ಕೊಟ್ಟು, ಹಿಮೋಗ್ಲೋಬಿನ್ 7.6 ಆದ ಕೂಡಲೇ ಕರ್ತವ್ಯದಲ್ಲಿದ್ದ ಯುವ ವೈದ್ಯೆ ಸಾಕು ಎಂದುಬಿಟ್ಟರು. "ಇಷ್ಟೊಂದು ರಕ್ತ ಹೋಗಿದೆ, ಇನ್ನೆರಡು ಕೊಡಿ ಮೇಡಂ" ಎಂದು ನಾನು ದನಿ ಏರಿಸಿದೆ. ಅವರು ಕೋಪಿಸಿಕೊಳ್ಳದೆ, "ಸರ್, ಪೈಪು ಒಡೆದಿರುವಾಗ ಟ್ಯಾಂಕು ಪೂರ್ತಿ ತುಂಬಿಸಿದರೆ ಏನಾಗುತ್ತದೆ?" ಎಂದು ಕೇಳಿದರು. ನಿವೃತ್ತ ಭೌತಶಾಸ್ತ್ರ ಉಪನ್ಯಾಸಕನ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ವಾಕ್ಯ ಇರಲಾರದು. ರಕ್ತದ ಪ್ರಮಾಣ ಹೆಚ್ಚಿದಂತೆ ಪೋರ್ಟಲ್ ಒತ್ತಡವೂ ಏರಿ, ಹೆಪ್ಪುಗಟ್ಟುತ್ತಿರುವ ಬಿರುಕು ಮತ್ತೆ ಬಾಯಿ ಬಿಡಬಹುದು. ಆದುದರಿಂದ ಹಿಮೋಗ್ಲೋಬಿನ್ 7ರಿಂದ 8ರ ನಡುವೆ ಇದ್ದರೆ ಸಾಕೆಂದು ಈಗಿನ ಪದ್ಧತಿ. ಬಾರ್ಸಿಲೋನಾದ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹೀಗೆ ಕೈ ಬಿಗಿಹಿಡಿದು ರಕ್ತ ಕೊಟ್ಟವರಲ್ಲಿ ಹೆಚ್ಚು ಮಂದಿ ಬದುಕಿದರೆಂದು ತೋರಿಸಿತು.

ಬೆಳಗಿನ ಆರಕ್ಕೆ ಎಂಡೋಸ್ಕೋಪಿ ಆಯಿತು. ಆಸ್ಪತ್ರೆ ಸೇರಿದ 12 ಗಂಟೆಗಳೊಳಗೆ ಮಾಡಬೇಕೆಂಬುದು ನಿಯಮ. ನಮಗೆ ಮೂರೂವರೆ ಗಂಟೆಯಲ್ಲಿ ಆಯಿತು. ಆಮೇಲೆ ವೈದ್ಯರು ಚಿತ್ರಗಳನ್ನು ತೋರಿಸಿದರು. ಅನ್ನನಾಳದ ಗೋಡೆಯ ಮೇಲೆ ಮೂರು ನೀಲಿ ಕಂಬಗಳು ಮೇಲಿನಿಂದ ಕೆಳಕ್ಕೆ ಬಳುಕುತ್ತ ಇಳಿದಿದ್ದವು. ಒಂದರ ಮೇಲೆ ಚಾಟಿ ಏಟಿನ ಬರೆಯಂತೆ ಕೆಂಪು ಗೆರೆಗಳು. ಆ ಕೆಂಪು ಗೆರೆ ಎಂದರೆ ಗೋಡೆ ತೀರ ತೆಳುವಾಗಿದೆ ಎಂದರ್ಥ. ಹಳೆಯ ಸೈಕಲ್ ಟ್ಯೂಬಿನಲ್ಲಿ ಒಂದು ಕಡೆ ಗುಳ್ಳೆ ಎದ್ದರೆ ಗಾಳಿ ಹೊಡೆದಂತೆಲ್ಲ ಅದೇ ಜಾಗ ಹೆಚ್ಚು ಹೆಚ್ಚು ಊದುವುದನ್ನು ನಾವೆಲ್ಲ ಕಂಡಿದ್ದೇವೆ: ಒತ್ತಡ ಅಷ್ಟೇ ಇದ್ದರೂ ಅಗಲ ಹೆಚ್ಚಿ ಗೋಡೆ ತೆಳುವಾದಂತೆ ಗೋಡೆಯ ಮೇಲಿನ ಸೆಳೆತ ಹೆಚ್ಚುತ್ತದೆ. ಲಾಪ್ಲಾಸನ ನಿಯಮ ಎಂದು ಇದನ್ನು ನಾನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನಾಳಗಳಿಗೆ ಐದು ಬ್ಯಾಂಡ್ ಹಾಕಿದ್ದರು. ಎಂಡೋಸ್ಕೋಪಿನ ತುದಿಯೊಳಕ್ಕೆ ಊದಿದ ನಾಳವನ್ನು ಎಳೆದುಕೊಂಡು ಅದರ ಬುಡಕ್ಕೆ ಸಣ್ಣ ರಬ್ಬರಿನ ಉಂಗುರ ಬಿಗಿಯುವುದೇ ಬ್ಯಾಂಡಿಂಗ್. ರಕ್ತ ಹರಿಯದೆ ಆ ಭಾಗ ಒಣಗಿ ಕೆಲವು ದಿನಗಳಲ್ಲಿ ಉದುರಿಹೋಗುತ್ತದೆ, ಅಲ್ಲಿ ಹುಣ್ಣಾಗಿ ಮಾಯುತ್ತದೆ. ಅಷ್ಟು ದಿನ ಗಂಜಿ, ಮಜ್ಜಿಗೆ, ಮೆತ್ತನೆಯ ಅನ್ನ.

ಮೂರನೆಯ ದಿನ ಭಾವನವರು ಅಕ್ಕನನ್ನು ತಮ್ಮ ತಾಯಿಯ ಹೆಸರು ಹಿಡಿದು ಕರೆದರು. ಹೊಟ್ಟೆಯೊಳಗೆ ಸೇರಿದ ರಕ್ತ ಜೀರ್ಣವಾಗುವಾಗ ಹುಟ್ಟುವ ಅಮೋನಿಯಾವನ್ನು ಯಕೃತ್ತು ನಿಭಾಯಿಸಲಾಗದೆ ಮಿದುಳಿಗೆ ಮಂಕು ಕವಿಯುತ್ತದಂತೆ. ಲ್ಯಾಕ್ಟುಲೋಸ್ ಕುಡಿಸಿ ಹೊಟ್ಟೆ ತೊಳೆದ ಮೇಲೆ ಒಂದೂವರೆ ದಿನದಲ್ಲಿ ಸರಿಹೋದರು. ಆ ವಾರ ಬಿಲಿರುಬಿನ್ 2.2, ಆಲ್ಬುಮಿನ್ 3.1, ಹೊಟ್ಟೆಯಲ್ಲಿ ಸ್ವಲ್ಪ ನೀರು, ಜೊತೆಗೆ ಈ ಮಂಕು. ಕೂಡಿದರೆ ಚೈಲ್ಡ್-ಪ್ಯೂ ಅಂಕ 9, ಬಿ ವರ್ಗದ ಕೊನೆಯ ಮೆಟ್ಟಿಲು. ಕಾಯಿಲೆ ತೀವ್ರವಾದುದರಿಂದ ರಕ್ತಸ್ರಾವ ಆಗುತ್ತದೆ ಎಂದುಕೊಂಡಿದ್ದ ನನಗೆ, ರಕ್ತಸ್ರಾವದಿಂದಲೂ ಕಾಯಿಲೆ ತೀವ್ರವಾಗುತ್ತದೆ ಎಂಬುದು ಆಗ ಕಣ್ಣಿಗೆ ಕಂಡಿತು. ನಾಲ್ಕು ತಿಂಗಳಲ್ಲಿ ಅಂಕ ಮತ್ತೆ 6ಕ್ಕೆ ಇಳಿಯಿತು.

ಎರಡನೆಯ ಬ್ಯಾಂಡಿಂಗಿಗೆ ಹೋದಾಗ, ಎಂಡೋಸ್ಕೋಪಿ ಕೊಠಡಿಯ ಹೊರಗೆ ಚಿಕ್ಕಬಳ್ಳಾಪುರದ ಕಡೆಯ ಇಪ್ಪತ್ತರ ಹುಡುಗನೊಬ್ಬ ಕುಳಿತಿದ್ದ. ಅವನಿಗೆ ಆಗಲೇ ಎರಡು ಸಲ ರಕ್ತವಾಂತಿಯಾಗಿ ಬ್ಯಾಂಡ್ ಹಾಕಿದ್ದರು. ಅವನ ಯಕೃತ್ತಿನ ಪರೀಕ್ಷೆಗಳೆಲ್ಲ ನನ್ನದಕ್ಕಿಂತ ಚೆನ್ನಾಗಿದ್ದವು. ಅವನಿಗಿದ್ದದ್ದು ಚಿಕ್ಕಂದಿನಲ್ಲೇ ಪೋರ್ಟಲ್ ನಾಳ ಯಕೃತ್ತನ್ನು ಸೇರುವ ಮೊದಲೇ ಹೆಪ್ಪುಗಟ್ಟಿ ಮುಚ್ಚಿಹೋದ ತೊಂದರೆ. ನಮ್ಮ ದೇಶದ ಮಕ್ಕಳಲ್ಲಿ ಪೋರ್ಟಲ್ ಒತ್ತಡ ಹೆಚ್ಚಲು ಇದು ಮುಖ್ಯ ಕಾರಣಗಳಲ್ಲೊಂದು. ಕಾಲುವೆಯ ಬಾಯಿಯೇ ಮುಚ್ಚಿದ್ದರೆ ಕೆರೆ ಎಷ್ಟು ಸ್ವಚ್ಛವಾಗಿದ್ದರೇನು? ಅವನ ತಾಯಿ ಮಾತ್ರ, "ಲಿವರ್ ಚೆನ್ನಾಗೈತೆ ಅಂತಾರೆ, ಮತ್ಯಾಕೆ ಸ್ವಾಮಿ ರಕ್ತ ಕಾರ್ತಾನೆ?" ಎಂದು ನನ್ನನ್ನು ಕೇಳಿದರು. ಅಂಕವೂ ನಾಳವೂ ಬೇರೆ ಬೇರೆ ಎಂಬುದನ್ನು ನಾನು ಅಷ್ಟು ದಿನ ಪುಸ್ತಕದ ಮಾತಾಗಿ ತಿಳಿದಿದ್ದೆ. ಆ ಬೆಂಚಿನ ಮೇಲೆ ಅದು ಒಬ್ಬ ಹುಡುಗನಾಗಿ ಕುಳಿತಿತ್ತು.

ಇನ್ನು, 2021ರಲ್ಲಿ ನಾವು ಏನು ಕೇಳಬೇಕಾಗಿತ್ತು ಎಂಬ ವಿಷಯ. ಸಿರೋಸಿಸ್ ಇರುವ ಎಲ್ಲರಿಗೂ ತಕ್ಷಣ ಎಂಡೋಸ್ಕೋಪಿ ಬೇಕೆಂದೇನೂ ಇಲ್ಲ. ಪೋರ್ಟಲ್ ಒತ್ತಡದ ತಜ್ಞರು ಕಾಲಕಾಲಕ್ಕೆ ಸಭೆ ಸೇರುವ, ಇಟಲಿಯ ಬವೇನೋ ಎಂಬ ಊರಿನ ಹೆಸರಿನಲ್ಲಿ ಹೊರಬರುವ ಮಾರ್ಗಸೂಚಿಯ 2015ರ ಆವೃತ್ತಿ ಒಂದು ಸುಲಭದ ಸೂತ್ರ ಕೊಟ್ಟಿದೆ: ಯಕೃತ್ತಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಪರೀಕ್ಷೆಯಲ್ಲಿ 20 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಂದು, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ, ಅಪಾಯಕಾರಿ ನಾಳಗಳಿರುವ ಸಂಭವ ನೂರಕ್ಕೆ 5ಕ್ಕಿಂತ ಕಡಿಮೆ, ಅಂಥವರು ಎಂಡೋಸ್ಕೋಪಿಯನ್ನು ಮುಂದೂಡಿ ವರ್ಷಕ್ಕೊಮ್ಮೆ ಈ ಎರಡನ್ನೂ ನೋಡಿಕೊಂಡಿದ್ದರೆ ಸಾಕು. ಎರಡರಲ್ಲಿ ಒಂದು ತಪ್ಪಿದರೂ ಒಳಗೆ ಇಣುಕಿ ನೋಡಬೇಕು. ಭಾವನವರ ಪ್ಲೇಟ್‌ಲೆಟ್ 2019ರಲ್ಲೇ ಆ ಗೆರೆಯ ಕೆಳಗಿತ್ತು. ಫೈಬ್ರೋಸ್ಕ್ಯಾನ್ ಅನ್ನು ಯಾರೂ ಮಾಡಿಸಲು ಹೇಳಿರಲಿಲ್ಲ. ಆಮೇಲೆ ಮಾಡಿಸಿದಾಗ 31 ಬಂತು. ಈ ಸೂತ್ರ ನಮ್ಮ ಕೈಯಲ್ಲಿ ಅಂದೇ ಇದ್ದಿದ್ದರೆ, ನಾಳ ಒಡೆಯುವ ಮೊದಲೇ ಮಾತ್ರೆಯೋ ಬ್ಯಾಂಡೋ ಶುರುವಾಗುತ್ತಿತ್ತು. ಸಿಟ್ಟು ಇದೆ, ಇಲ್ಲವೆನ್ನುವುದಿಲ್ಲ. ಅದರ ಅರ್ಧ ಪಾಲು ನನ್ನ ಮೇಲೆಯೇ.

ಈಗ ಅವರು ಕಾರ್ವೆಡಿಲಾಲ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಾರೆ, ದಿನಕ್ಕೆ 6.25 ಮಿಲಿಗ್ರಾಮಿನಿಂದ ಶುರುವಾಗಿ ಈಗ 12.5. ಇದು ಬಿಪಿಯ ಮಾತ್ರೆಯಲ್ಲವೇ, ಅವರಿಗೆ ಬಿಪಿಯೇ ಇಲ್ಲವಲ್ಲ ಎಂದು ಕೇಳದ ನೆಂಟರಿಲ್ಲ. ಈ ಜಾತಿಯ ಮಾತ್ರೆಗಳು ಕರುಳಿನ ಕಡೆಯ ರಕ್ತದ ಹರಿವನ್ನು ತಗ್ಗಿಸಿ ಪೋರ್ಟಲ್ ಒತ್ತಡವನ್ನು ಇಳಿಸುತ್ತವೆಂದು 1980ರ ಸುಮಾರಿಗೆ ಫ್ರಾನ್ಸಿನಲ್ಲಿ ಪ್ರೊಪ್ರನಾಲಾಲ್ ಮಾತ್ರೆಯಿಂದ ತೋರಿಸಿಕೊಟ್ಟರು. ಈಗ ಹೆಚ್ಚಾಗಿ ಕಾರ್ವೆಡಿಲಾಲ್ ಬಳಸುತ್ತಾರೆ. ಮೇಲಿನ ರಕ್ತದೊತ್ತಡ 90ಕ್ಕಿಂತ ಕೆಳಗಿಳಿಯಬಾರದೆಂಬುದರಿಂದ ಅಕ್ಕ ಪ್ರತಿದಿನ ಬೆಳಗ್ಗೆ ಯಂತ್ರ ಕಟ್ಟಿ ನೋಡಿ, ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆದಿಡುತ್ತಾಳೆ. ಮೂರು ಬಾರಿ ಬ್ಯಾಂಡ್ ಹಾಕಿದ ಮೇಲೆ ನಾಳಗಳು ಚಪ್ಪಟೆಯಾದವು. ಅವು ಮತ್ತೆ ಮೂಡಬಹುದಾದ್ದರಿಂದ ಆಗಾಗ ಎಂಡೋಸ್ಕೋಪಿ ಇದ್ದೇ ಇದೆ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆಗಳು ಪೂರ್ತಿ ನಿಂತಿವೆ.

ಕುಡಿತ ಇತ್ತೇ ಎಂದು ಕೇಳುವವರು ಇನ್ನೂ ಇದ್ದಾರೆ. ಆಸ್ಪತ್ರೆಯ ದಾಖಲಾತಿ ಕಿಟಕಿಯಿಂದ ಹಿಡಿದು ಮದುವೆಮನೆಯ ಪಂಕ್ತಿಯವರೆಗೆ, ಲಿವರ್ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಜನ ಅರ್ಥಪೂರ್ಣವಾಗಿ ಮುಖ ಮುಖ ನೋಡಿಕೊಳ್ಳುತ್ತಾರೆ. ಭಾವನವರು ಜೀವಮಾನದಲ್ಲಿ ಫಿಲ್ಟರ್ ಕಾಫಿಗಿಂತ ಗಟ್ಟಿಯಾದುದನ್ನು ಕುಡಿದವರಲ್ಲ. ಇಪ್ಪತ್ತೆರಡು ವರ್ಷದ ಸಕ್ಕರೆ ಕಾಯಿಲೆ, ಮುಂದಕ್ಕೆ ಬಂದ ಹೊಟ್ಟೆ, ಯಕೃತ್ತಿನಲ್ಲಿ ಕೊಬ್ಬು: ದಾರಿ ಅದಾಗಿತ್ತು. ಆ ಅನುಮಾನದ ನೋಟಕ್ಕೆ ಅಂಜಿ ಎಷ್ಟೋ ಮನೆಗಳಲ್ಲಿ ವರದಿಯನ್ನು ಯಾರಿಗೂ ತೋರಿಸದೆ ಬೀರುವಿನಲ್ಲಿ ಇಡುತ್ತಾರೆಂಬುದೂ ನನಗೆ ಈಗ ಗೊತ್ತು. ಈ ಬರಹ ನೋಡಿ ಭಾವನವರೇ ಬರೆ ಎಂದು ಒಪ್ಪಿಗೆ ಕೊಟ್ಟದ್ದು ಅದಕ್ಕಾಗಿಯೇ.

ಅವರ ದೊಡ್ಡ ದೂರು ಬೇರೆಯೇ. ಸಿರೋಸಿಸ್ ಇದ್ದವರ ದೇಹ ಹೆಚ್ಚು ಹೊತ್ತು ಹಸಿದಿದ್ದರೆ ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ ಎಂಬ ಕಾರಣಕ್ಕೆ, ರಾತ್ರಿ ಮಲಗುವ ಮುನ್ನವೂ ಏನಾದರೂ ತಿನ್ನಬೇಕೆಂದೂ, ಏಕಾದಶಿಯ ಉಪವಾಸ ಕೂಡದೆಂದೂ ಆಹಾರತಜ್ಞೆ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಐವತ್ತು ವರ್ಷ ತಪ್ಪದೆ ನಡೆಸಿಕೊಂಡು ಬಂದ ವ್ರತ ನಿಂತುಹೋದದ್ದು ಅವರಿಗೆ ಬ್ಯಾಂಡಿಂಗಿಗಿಂತ ಹೆಚ್ಚು ನೋವು ಕೊಟ್ಟಿದೆ. ಮೊನ್ನೆ ಮುಂದಿನ ಎಂಡೋಸ್ಕೋಪಿಗೆ ದಿನ ಗೊತ್ತು ಮಾಡಲು ನಾನು ಫೋನು ಹಿಡಿದು ಕುಳಿತಿದ್ದಾಗ, ಪಂಚಾಂಗ ತಿರುವುತ್ತಿದ್ದ ಭಾವನವರು ತಲೆಯೆತ್ತದೆ ಹೇಳಿದರು: "ಹೇಗೂ ಅವತ್ತು ಎಂಟು ಗಂಟೆ ಏನೂ ತಿನ್ನಬೇಡಿ ಅಂತಾರಲ್ಲೋ. ಏಕಾದಶಿ ದಿನಕ್ಕೇ ಹಾಕಿಸಿಬಿಡು."